ಮನೆಯ ಲೇತ್‌ಗೆ ಯಾವ ಕೂಲಂಟ್? ಕೊಳೆತ ಟ್ಯಾಂಕಿನಿಂದ ಶುರುವಾದ ಒಂದು ಪ್ರಕರಣ

ಹವ್ಯಾಸಕ್ಕೆಂದು ಲೋಹದ ಕೆಲಸ ಮಾಡುವ ಪರಿಚಯದವರೊಬ್ಬರ ಮೆಷಿನ್‌ಗಳ ಕಥೆ ಇದು. ಅವರ ಹತ್ತಿರ 550 ವ್ಯಾಟ್ ಮೋಟಾರಿನ ಒಂದು ಬೆಂಚ್ ಲೇತ್ ಇದೆ, ಲೋಹದ ತುಂಡನ್ನು ತಿರುಗಿಸುತ್ತ ಟೂಲಿನಿಂದ ಕತ್ತರಿಸುವ ಮೆಷಿನ್. ಪಕ್ಕದಲ್ಲಿ ಅದೇ ಅಳತೆಗೆ ತಕ್ಕ ಚಿಕ್ಕ ಮಿಲ್ಲಿಂಗ್ ಮೆಷಿನ್, ಇದರಲ್ಲಿ ತಿರುಗುವುದು ಟೂಲ್. ಎರಡೂ ಇರುವುದು ಮುಚ್ಚಿದ ಕೋಣೆಯಲ್ಲಿ. ಬಿಡುವು ಸಿಕ್ಕಾಗ ಕೆಲವು ತಾಸು ಮೆಷಿನ್ ತಿರುಗುತ್ತದೆ. ಆಮೇಲೆ ವಾರಗಟ್ಟಲೆ ಸುಮ್ನೆ ನಿಂತಿರುತ್ತದೆ. ಜಾಸ್ತಿ ಕೆಲಸ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಮತ್ತು ಅಲ್ಯುಮಿನಿಯಂನಲ್ಲಿ. ಸ್ವಲ್ಪ ಹಿತ್ತಾಳೆ, ಆಗೊಮ್ಮೆ ಈಗೊಮ್ಮೆ 304 ಸ್ಟೇನ್‌ಲೆಸ್ ಮತ್ತು ಕಾಸ್ಟ್ ಐರನ್.

ಕತ್ತರಿಸುವ ಜಾಗಕ್ಕೆ ಕೂಲಂಟ್, ಅಂದರೆ ತಂಪು ಮಾಡುವ ದ್ರವ, ಸುರಿಯಲೆಂದು ಲೇತಿಗೆ ಅವರು ಪಂಪ್, ಪೈಪ್ ಮತ್ತು 20 ಲೀಟರಿನ ಟ್ಯಾಂಕ್ ಹಾಕಿಸಿದ್ದರು. ಮಿಲ್ಲಿಂಗ್‌ಗೂ ಅದೇ ಧಾರೆ. ಟ್ಯಾಂಕಿನಲ್ಲಿ 5% ಸೊಲ್ಯೂಬಲ್ ಆಯಿಲ್ (ನೀರಿನಲ್ಲಿ ಬೆರೆಯುವ ಎಣ್ಣೆ), ಉಳಿದದ್ದು ನಲ್ಲಿ ನೀರು. ಹಾಲಿನಂಥ ಬಿಳಿ ದ್ರಾವಣ. ಕಾರ್ಖಾನೆಗಳಲ್ಲಿ ನೋಡುವುದು ಇದನ್ನೇ. ಹಾಗಾಗಿ ಸರಿಯಾದ ದಾರಿ ಇದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಕೆಲವು ತಿಂಗಳಲ್ಲಿ ದೂರುಗಳು ಒಂದೊಂದಾಗಿ ಶುರುವಾದವು. ಪಂಪ್ ಹಾಕಿದ ಕೂಡಲೇ ಕೋಣೆ ತುಂಬ ಕೊಳೆತ ಮೊಟ್ಟೆಯ ವಾಸನೆ. ಕೆಲಸದ ತುಂಡು ಹಿಡಿಯುವ ಚಕ್ಕಿನ ಹಿಂದೆ, ಟೂಲನ್ನು ಹೊತ್ತು ಸರಿಯುವ ಕ್ಯಾರೇಜಿನ ಕೆಳಗೆ ಕಂದು ತುಕ್ಕು. ಮಿಲ್ಲಿಂಗ್ ಮೆಷಿನ್ನಿನ ಟೇಬಲ್ ಮೇಲೆ ವೈಸ್ ಎತ್ತಿದರೆ ಅದರ ಅಡಿಯ ಆಕಾರದಲ್ಲೇ ತುಕ್ಕಿನ ಅಚ್ಚು. ಕೈಬೆರಳ ಸಂದಿಯಲ್ಲಿ ತುರಿಕೆ. ಇಷ್ಟೆಲ್ಲ ಆದರೂ ಕೆಲಸದ ಗುಣಮಟ್ಟ ಏರಿತ್ತಾ ಎಂದರೆ ಅದೂ ಇಲ್ಲ. ಸ್ಟೇನ್‌ಲೆಸ್‌ನಲ್ಲಿ ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್ ಮುರಿಯುತ್ತಿತ್ತು. ರಾಡಿನಿಂದ ತುಂಡು ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್ ಟೂಲ್ ಕಿರುಚುತ್ತಿತ್ತು. ಅಲ್ಯುಮಿನಿಯಂ ಮೇಲ್ಮೈ ಹರಿದು ಹೋದಂತೆ ಬರುತ್ತಿತ್ತು.

"ಇದಕ್ಕಿಂತ ಒಳ್ಳೆ ಕೂಲಂಟ್ ಯಾವುದು ಹೇಳಿ, ಅದನ್ನೇ ಹಾಕ್ತೀನಿ" ಎಂದು ಅವರು ಕೇಳಿದ್ದರು. ಟ್ಯಾಂಕ್ ನೋಡಿದ ಮೇಲೆ ನಾನು ಬೇರೊಂದು ಪ್ರಶ್ನೆ ಕೇಳಿದೆ. ಈ ಮೆಷಿನ್‌ಗೆ ಕೂಲಂಟ್ ಬೇಕೇ?

ಟ್ಯಾಂಕಿನೊಳಗೆ ಏನಾಗಿತ್ತು

ಮುಚ್ಚಳ ತೆಗೆದಾಗ ಬಿಳಿ ದ್ರಾವಣದ ಮೇಲೆ ಕಂದು ಎಣ್ಣೆಯ ದಪ್ಪ ಪದರ ತೇಲುತ್ತಿತ್ತು. ಇದು ಲೇತಿನದೇ ಎಣ್ಣೆ. ಬೆಡ್ (ಕ್ಯಾರೇಜ್ ಸರಿಯುವ ಹಳಿ) ಮೇಲೆ ಹಚ್ಚುವ ವೇ ಆಯಿಲ್ ಮತ್ತು ಗೇರುಗಳಿಂದ ಸೋರುವ ಎಣ್ಣೆ ಕೂಲಂಟ್ ಜೊತೆ ತೊಳೆದು ಹೋಗಿ ಟ್ಯಾಂಕ್ ಸೇರುತ್ತವೆ. ಮೆಷಿನ್ ನಿತ್ಯ ಓಡುತ್ತಿದ್ದರೆ ದ್ರಾವಣ ಕದಡುತ್ತಲೇ ಇರುತ್ತದೆ, ಗಾಳಿ ಬೆರೆಯುತ್ತದೆ. ನಿಂತ ಮೆಷಿನ್‌ನಲ್ಲಿ ಎಣ್ಣೆ ಮೇಲೆ ಬಂದು ಮುಚ್ಚಳದ ಹಾಗೆ ಕೂರುತ್ತದೆ. ಕೆಳಗೆ ಆಮ್ಲಜನಕ ಇರುವುದಿಲ್ಲ. ಆಗ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅಲ್ಲಿಂದ ಬರುವುದು. ರಜೆ ಮುಗಿದು ಬಾಗಿಲು ತೆಗೆದ ಕಾರ್ಖಾನೆಗಳಲ್ಲೂ ಇದೇ ವಾಸನೆ ಇರುತ್ತದೆ. ಮನೆಯ ಮೆಷಿನ್‌ಗೆ ಮಾತ್ರ ತಿಂಗಳಲ್ಲಿ ಬಹುಪಾಲು ರಜೆಯೇ.

ಪಿಎಚ್ ಪಟ್ಟಿ ಅದ್ದಿದಾಗ ಬಣ್ಣ 8ರ ಹತ್ತಿರ ನಿಂತಿತು. ಹೊಸ ದ್ರಾವಣ ಸಾಮಾನ್ಯವಾಗಿ 8.5ರಿಂದ 9.5ರ ನಡುವೆ ಇರಬೇಕು. ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲಗಳು ಪಿಎಚ್ ಇಳಿಸುತ್ತವೆ. ಪಿಎಚ್ ಇಳಿದಂತೆ ತುಕ್ಕು ತಡೆಯುವ ಶಕ್ತಿಯೂ ಇಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ಇನ್ನೂ ಅನುಕೂಲ.

ದ್ರಾವಣದಲ್ಲಿ ಬೆಳಕು ಬಾಗುವುದನ್ನು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಎಣ್ಣೆಯ ಪ್ರಮಾಣ ನೋಡಿದರೆ 5% ಇರಬೇಕಾದದ್ದು 3%ಗಿಂತ ಕೆಳಗಿತ್ತು. ಈ ಉಪಕರಣ ಬ್ರಿಕ್ಸ್ ಅಂಕಿ ತೋರಿಸುತ್ತದೆ, ಅದು ಮೂಲತಃ ಸಕ್ಕರೆ ದ್ರಾವಣದ ಅಳತೆ. ಅದನ್ನು ಆಯಾ ಕೂಲಂಟಿನ ಡಬ್ಬಿ ಮೇಲೋ ವಿವರಪತ್ರದಲ್ಲೋ ಕೊಟ್ಟಿರುವ ಗುಣಕದಿಂದ ಗುಣಿಸಬೇಕು. ಓದು 4, ಗುಣಕ 1.5 ಇದ್ದರೆ ಪ್ರಮಾಣ 6%. ಗುಣಿಸದೆ ಓದಿದ ಅಂಕಿಯನ್ನೇ ಶೇಕಡಾ ಎಂದುಕೊಳ್ಳುವವರು ತುಂಬ ಜನ ಇದ್ದಾರೆ.

ಪ್ರಮಾಣ ಇಳಿದದ್ದು ಹೇಗೆ? ನೀರು ಆವಿಯಾದಾಗ ದ್ರಾವಣ ಗಟ್ಟಿಯಾಗುತ್ತದೆ. ಅದೇ ಹೊತ್ತಿಗೆ ಚಿಪ್ಸ್‌ಗೆ (ಕತ್ತರಿಸಿ ಬಂದ ಲೋಹದ ಚೂರುಗಳಿಗೆ) ಮತ್ತು ಕೆಲಸದ ತುಂಡಿಗೆ ಅಂಟಿಕೊಂಡು ಎಣ್ಣೆಯೂ ಹೊರಗೆ ಹೋಗುತ್ತಿರುತ್ತದೆ. ಮಟ್ಟ ಇಳಿದಾಗಲೆಲ್ಲ ಇವರು ಬರೀ ನಲ್ಲಿ ನೀರು ಸುರಿದಿದ್ದರು. ಎಣ್ಣೆ ಕಮ್ಮಿಯಾಗುತ್ತ ಹೋಯಿತು. ನೀರಿನ ಲವಣಗಳು ಮಾತ್ರ ಆವಿಯಾಗದೆ ಸೇರುತ್ತ ಹೋದವು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾದರೆ ಎಣ್ಣೆ ನೀರಿನಿಂದ ಬೇರ್ಪಡುತ್ತದೆ, ಸೋಪಿನ ಕೆನೆಯಂಥ ಕಸ ಕಟ್ಟುತ್ತದೆ. ಕ್ಲೋರೈಡ್ ಹೆಚ್ಚಾದರೆ ತುಕ್ಕು.

ವಾಸನೆ ಹೋಗಲಿ ಎಂದು ಬ್ಲೀಚ್ ಹಾಕಬಹುದಾ ಎಂದು ಅವರು ಕೇಳಿದರು. ಖಂಡಿತ ಬೇಡ. ಬ್ಲೀಚ್‌ನ ಕ್ಲೋರೈಡ್ ಕಬ್ಬಿಣವನ್ನು ತಿನ್ನುತ್ತದೆ. ಅನೇಕ ಕೂಲಂಟ್‌ಗಳಲ್ಲಿ ಅಮೀನ್‌ಗಳಿರುತ್ತವೆ. ಬ್ಲೀಚ್ ಅವುಗಳ ಜೊತೆ ಸೇರಿ ಕ್ಲೋರಮೀನ್ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವುದು ಅಪಾಯ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅವರು ತಂದ ಸೊಲ್ಯೂಬಲ್ ಆಯಿಲ್ ಕೆಟ್ಟದ್ದೇನಲ್ಲ. ವಾರಕ್ಕೊಮ್ಮೆ ಪ್ರಮಾಣ, ಪಿಎಚ್ ನೋಡುತ್ತ, ಮೇಲಿನ ಎಣ್ಣೆ ತೆಗೆಯುತ್ತ, ಲವಣ ತೆಗೆದ ನೀರಿನಿಂದ ಮಾಡಿದ ತೆಳು ದ್ರಾವಣವನ್ನೇ ಮೇಲುಭರ್ತಿಗೆ ಬಳಸುತ್ತ ನೋಡಿಕೊಂಡಿದ್ದರೆ ಅದು ಚೆನ್ನಾಗಿಯೇ ಇರುತ್ತಿತ್ತು. ತಿಂಗಳಲ್ಲಿ ಕೆಲವೇ ತಾಸು ಓಡುವ ಮೆಷಿನ್‌ಗೆ ಅಷ್ಟು ಸೇವೆ ಯಾರು ಮಾಡುತ್ತಾರೆ? ಕಾರ್ಖಾನೆಯಲ್ಲಿ ಕೂಲಂಟ್ ಆರಿಸುವಾಗ ಮೆಷಿನ್ ಓಡುವ ಹೊತ್ತನ್ನು ನೋಡುತ್ತಾರೆ. ಮನೆಯಲ್ಲಿ ನೋಡಬೇಕಾದದ್ದು ಮೆಷಿನ್ ನಿಂತಿರುವ ಹೊತ್ತು. ಮುಂದಿನ ತೀರ್ಮಾನಗಳೆಲ್ಲ ಇದರಿಂದಲೇ ಬಂದವು.

ಶಾಖದ ಲೆಕ್ಕ

ಕೂಲಂಟ್ ತೆಗೆದುಹಾಕೋಣ ಎಂದಾಗ ಅವರ ಮೊದಲ ಹೆದರಿಕೆ, "ಟೂಲ್ ಸುಟ್ಟು ಹೋಗಲ್ವಾ?" ಅವರ ಕೆಲಸವನ್ನೇ ತೆಗೆದುಕೊಂಡು ಲೆಕ್ಕ ಹಾಕಿದೆವು.

20 ಮಿ.ಮೀ. ಎಂಎಸ್ ರಾಡು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್. ಕಟಿಂಗ್ ವೇಗ ನಿಮಿಷಕ್ಕೆ 25 ಮೀಟರ್, ಅಂದರೆ ಸುಮಾರು 400 ಆರ್‌ಪಿಎಂ. ಆಳ 0.5 ಮಿ.ಮೀ., ಫೀಡ್ (ಟೂಲ್ ಮುಂದೆ ಸರಿಯುವುದು) ಪ್ರತಿ ಸುತ್ತಿಗೆ 0.1 ಮಿ.ಮೀ. ವೇಗ, ಆಳ, ಫೀಡ್ ಮೂರನ್ನೂ ಗುಣಿಸಿದರೆ ನಿಮಿಷಕ್ಕೆ 1250 ಘನ ಮಿ.ಮೀ. ಲೋಹ ಹೊರಬರುತ್ತದೆ, ಸೆಕೆಂಡಿಗೆ ಸುಮಾರು 21. ಎಂಎಸ್‌ನಲ್ಲಿ ಒಂದು ಘನ ಮಿ.ಮೀ. ತೆಗೆಯಲು ಹೆಚ್ಚುಕಡಿಮೆ 3 ಜೂಲ್ ಶಕ್ತಿ ಬೇಕು. ಒಟ್ಟು 60 ವ್ಯಾಟ್ ಸುತ್ತಮುತ್ತ. ಹಳೆಯ ಕಾಲದ ಒಂದು ಬಲ್ಬ್ ಹೊರಬಿಡುತ್ತಿದ್ದಷ್ಟು ಶಾಖ. ಅದರಲ್ಲೂ ದೊಡ್ಡ ಪಾಲು ಚಿಪ್ಸ್ ಜೊತೆಗೇ ಹೊರಟುಹೋಗುತ್ತದೆ.

ಹಾಗಂತ ಟೂಲಿನ ತುದಿ ಬಿಸಿಯಾಗುವುದಿಲ್ಲ ಎಂದಲ್ಲ. ಶಾಖ ಕಮ್ಮಿ ಇದ್ದರೂ ಅದು ಹುಟ್ಟುವ ಜಾಗ ತುಂಬ ಚಿಕ್ಕದು. ತುದಿಯ ಉಷ್ಣತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಕಟಿಂಗ್ ವೇಗ. ಎಚ್‌ಎಸ್‌ಎಸ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಗಟ್ಟಿತನ ಉಳಿಸಿಕೊಳ್ಳುತ್ತದೆ. ಆಮೇಲೆ ಬೇಗ ಮೆತ್ತಗಾಗುತ್ತದೆ. ಎಂಎಸ್‌ಗೆ ನಿಮಿಷಕ್ಕೆ 25 ಮೀಟರಿನಂಥ ಸಾಧಾರಣ ವೇಗ ಹೇಳುವುದೇ ಈ ಮಿತಿಯೊಳಗೆ ಇರಲಿ ಎಂದು.

ಫ್ರೆಡರಿಕ್ ಟೇಲರ್ ಎಂಬ ಅಮೆರಿಕದ ಎಂಜಿನಿಯರ್ ವರ್ಷಗಟ್ಟಲೆ ಲೋಹ ಕತ್ತರಿಸುವ ಪ್ರಯೋಗ ಮಾಡಿ 1906ರಲ್ಲಿ ಫಲಿತಾಂಶ ಮುಂದಿಟ್ಟರು. ಟೂಲಿನ ತುದಿಯಲ್ಲಿ ಚಿಪ್ ಮೇಲೆ ನೀರನ್ನು ಧಾರಾಳವಾಗಿ ಸುರಿದರೆ ಉಕ್ಕನ್ನು ಸುಮಾರು 40% ಹೆಚ್ಚು ವೇಗದಲ್ಲಿ ಕತ್ತರಿಸಬಹುದು ಎಂದು ಅವರು ತೋರಿಸಿದ್ದರು. ತುಕ್ಕು ಹಿಡಿಯದಿರಲಿ ಎಂದು ನೀರಿಗೆ ಸೋಡಾ ಬೆರೆಸುತ್ತಿದ್ದರು. ಈ ಅಂಕಿಯನ್ನು ಮನೆಯ ಕಣ್ಣಿನಿಂದ ಓದಿ ನೋಡಿ. ಕೂಲಂಟ್ ಕೊಡುವುದು ವೇಗ. ಅದಿಲ್ಲದಿದ್ದರೆ 10 ನಿಮಿಷದ ಕೆಲಸಕ್ಕೆ 14 ನಿಮಿಷ ಹಿಡಿಯುತ್ತದೆ. ಕಾರ್ಖಾನೆಗೆ ಆ 4 ನಿಮಿಷ ದೊಡ್ಡದು. ಹವ್ಯಾಸಕ್ಕೆ ಮಾಡುವವರಿಗೆ ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಅದನ್ನು ಉಳಿಸಲು 20 ಲೀಟರ್ ನೀರನ್ನು ವರ್ಷಪೂರ್ತಿ ಕಬ್ಬಿಣದ ಮೆಷಿನ್ನಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನ ಪ್ರಕಾರ ನಷ್ಟದ ವ್ಯವಹಾರ.

ಶಾಖ ಕಮ್ಮಿ ಮಾಡಬೇಕೆಂದರೆ ವೇಗ ಇಳಿಸಿದರೆ ಸಾಕು. ಜಾರುವಿಕೆಯ ವಿಷಯ ಹಾಗಲ್ಲ. ನಿಧಾನ ಮಾಡಿದರೆ ಅದು ಇನ್ನೂ ಹದಗೆಡುತ್ತದೆ. ಕಡಿಮೆ ವೇಗದಲ್ಲಿ ಲೋಹದ ಚೂರು ಟೂಲಿನ ಮೂತಿಗೆ ಒತ್ತಿ ಅಂಟಿಕೊಳ್ಳುತ್ತದೆ. ಸ್ವಲ್ಪ ಬೆಳೆದು ಕಿತ್ತು ಬರುತ್ತದೆ. ಬರುವಾಗ ಮೇಲ್ಮೈಯನ್ನು ಹರಿಯುತ್ತದೆ, ಕೆಲವು ಸಲ ಟೂಲಿನ ಅಂಚನ್ನೂ ಕೀಳುತ್ತದೆ. ಅವರ ಅಲ್ಯುಮಿನಿಯಂ ಹರಿದಂತೆ ಬರುತ್ತಿದ್ದದ್ದು ಇದರಿಂದಲೇ. ಇದನ್ನು ತಡೆಯಲು ಬೇಕಾದದ್ದು ಎಣ್ಣೆಯ ತೆಳು ಪದರ, ಅದೂ ಚಿಪ್ ಮತ್ತು ಟೂಲ್ ಉಜ್ಜುವ ಜಾಗದಲ್ಲಿ. ಕೆಲವು ಹನಿ ಸಾಕು. ನೀರಿಗೆ ಶಾಖ ಹೀರುವ ಶಕ್ತಿ ಎಣ್ಣೆಯ ಎರಡರಷ್ಟಿದೆ, ಜಾರಿಸುವ ಶಕ್ತಿ ತೀರಾ ಕಡಿಮೆ. 3%ಗೆ ಇಳಿದ ಸೊಲ್ಯೂಬಲ್ ಆಯಿಲ್ ಹೆಚ್ಚುಕಡಿಮೆ ನೀರೇ. ಬೇಕಾಗಿದ್ದದ್ದು ಜಾರುವಿಕೆ, ಇವರು ಸುರಿಯುತ್ತಿದ್ದದ್ದು ತಂಪು.

ಲೋಹಕ್ಕೆ ತಕ್ಕ ಎಣ್ಣೆ

ಮೊದಲು ಸ್ಟೇನ್‌ಲೆಸ್ ತೆಗೆದುಕೊಂಡೆವು. ಟ್ಯಾಪ್ ಮುರಿಯುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಮುರಿದ ತುಂಡು ಒಳಗೇ ಉಳಿದರೆ ಇಡೀ ಕೆಲಸ ಹೋದಂತೆ ಅಲ್ವಾ? 304ಕ್ಕೆ ಒಂದು ಕೆಟ್ಟ ಗುಣ ಇದೆ. ಟೂಲ್ ಕತ್ತರಿಸದೆ ಬರೀ ಉಜ್ಜಿದರೆ ಆ ಜಾಗ ಗಟ್ಟಿಯಾಗುತ್ತದೆ. ಮುಂದಿನ ಹಲ್ಲು ಆ ಗಟ್ಟಿ ಪದರದ ಮೇಲೇ ಬರಬೇಕು. ಇಲ್ಲಿ ಸಾದಾ ಎಣ್ಣೆ ಸಾಲದು. ಒತ್ತಡ ಎಷ್ಟಿರುತ್ತದೆಂದರೆ ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ. ಗಂಧಕ ಸೇರಿಸಿದ ಕಟಿಂಗ್ ಆಯಿಲ್ ಬೇಕು. ಬಿಸಿಯಾದ ಹೊಸ ಲೋಹದ ಮೇಲೆ ಗಂಧಕ ಸೇರಿ ಸಲ್ಫೈಡ್‌ನ ತೆಳು ಪದರ ಕಟ್ಟುತ್ತದೆ. ಅದು ಒತ್ತಿ ಉಜ್ಜಿದಾಗ ಸುಲಭವಾಗಿ ಕಳಚಿ ಜಾರುವ ಪದರ. ಹಾಗಾಗಿ ಲೋಹಕ್ಕೆ ಲೋಹ ಕಚ್ಚುವುದಿಲ್ಲ.

ಎಣ್ಣೆಯ ಜೊತೆ ಇನ್ನೊಂದು ಬದಲಾವಣೆ ಮಾಡಿದೆವು. ಎಂ6 (6 ಮಿ.ಮೀ. ಬೋಲ್ಟಿನ) ಟ್ಯಾಪ್‌ಗೆ 5.0 ಮಿ.ಮೀ. ತೂತು ಹಾಕುವುದು ರೂಢಿ. ಆಗ ಥ್ರೆಡ್ಡಿನ ಎತ್ತರ 77% ಸಿಗುತ್ತದೆ. 5.2 ಹಾಕಿದರೆ ಸುಮಾರು 62%. ಸಾಮಾನ್ಯ ಬೋಲ್ಟ್ ಹಿಡಿಯಲು ಇಷ್ಟು ಸಾಕು. ಟ್ಯಾಪ್ ಮೇಲಿನ ಹೊರೆ ಗೊತ್ತಾಗುವಷ್ಟು ಕಮ್ಮಿಯಾಗುತ್ತದೆ. ಎಣ್ಣೆಯೊಂದರಿಂದಲೇ ಎಲ್ಲ ಸರಿಯಾಗಬೇಕು ಎಂದು ಕಾಯುವುದು ಬೇಡ.

ಎಂಎಸ್‌ಗೂ ಇದೇ ಗಂಧಕದ ಎಣ್ಣೆಯನ್ನು ಇಟ್ಟೆವು. ಟರ್ನಿಂಗ್‌ನಲ್ಲಿ (ಲೇತ್‌ನಲ್ಲಿ ತುಂಡಿನ ಹೊರಮೈ ಕತ್ತರಿಸುವಾಗ) ಬ್ರಶ್‌ನಿಂದ ಹಚ್ಚಿದರೆ ಆಯಿತು. ಡ್ರಿಲ್ಲಿಂಗ್‌ನಲ್ಲಿ ಬಿಟ್ಟನ್ನು ಆಗಾಗ ಹೊರಗೆ ತೆಗೆದು, ಚಿಪ್ಸ್ ಕೊಡವಿ, ಹನಿ ಹಾಕಿ ಮತ್ತೆ ಇಳಿಸಬೇಕು. ಆಳದ ತೂತಿನಲ್ಲಿ ಮೇಲಿಂದ ಸುರಿದ ಎಣ್ಣೆ ತುದಿಗೆ ತಲುಪುವುದಿಲ್ಲ, ಮೇಲೆ ಬರುವ ಚಿಪ್ಸ್ ಅದನ್ನು ಹೊರಗೇ ತಳ್ಳುತ್ತವೆ.

ಪಾರ್ಟಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮನೆಯ ಲೇತ್ ಇಟ್ಟವರೆಲ್ಲ ಹೆದರುವ ಕೆಲಸ ಇದು. ಎಣ್ಣೆ ಬದಲಿಸಿದರೆ ಕಿರುಚಾಟ ನಿಲ್ಲುತ್ತದೆ ಎಂದು ಇವರು ನಂಬಿದ್ದರು. ಪಾರ್ಟಿಂಗ್ ಟೂಲ್ ಹೋಲ್ಡರ್‌ನಿಂದ ಉದ್ದಕ್ಕೆ ಚಾಚಿಕೊಂಡಿತ್ತು. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಗಿಬ್ (ಅದನ್ನು ಬಿಗಿ ಮಾಡುವ ಪಟ್ಟಿ) ಸಡಿಲ ಇತ್ತು. ಕ್ಯಾರೇಜನ್ನು ಬೆಡ್‌ಗೆ ಲಾಕ್ ಮಾಡುತ್ತಿರಲಿಲ್ಲ. ಇವುಗಳನ್ನು ಯಾವ ಎಣ್ಣೆಯೂ ಸರಿ ಮಾಡದು. ಮೊದಲು ಅವನ್ನು ಸರಿ ಮಾಡಿ, ಟೂಲಿನ ತುದಿಯನ್ನು ಸರಿಯಾಗಿ ಸೆಂಟರ್ (ತಿರುಗುವ ತುಂಡಿನ ನಡುಬಿಂದು) ಎತ್ತರಕ್ಕೆ ತಂದು, ವೇಗವನ್ನು ಟರ್ನಿಂಗ್‌ನ ಅರ್ಧಕ್ಕೆ ಇಳಿಸಿದೆವು. ಎಣ್ಣೆಯ ಪಾತ್ರ ಬರುವುದು ಆಮೇಲೆ. ಕಿರಿದಾದ ತೋಡಿನಲ್ಲಿ ಚಿಪ್ ಸಿಕ್ಕಿಕೊಳ್ಳದೆ ಜಾರಿ ಹೊರಬರಬೇಕು. ಅದಕ್ಕೆ ಬ್ರಶ್ ಸಾಲದು, ಹನಿ ನಿಲ್ಲದೆ ಬೀಳುತ್ತಿರಬೇಕು. ಚಿಕ್ಕ ಬಾಟಲಿ, ಸಣ್ಣ ವಾಲ್ವ್, ತಾಮ್ರದ ಸಪೂರ ಕೊಳವೆ, ಇಷ್ಟರಲ್ಲೇ ಹನಿ ವ್ಯವಸ್ಥೆ ಆಯಿತು. ಫೀಡನ್ನು ಹೆದರಿ ನಿಲ್ಲಿಸಬಾರದು. ನಿಲ್ಲಿಸಿದರೆ ಟೂಲ್ ಉಜ್ಜುತ್ತದೆ, ಉಜ್ಜಿದರೆ ಮತ್ತೆ ಕಿರುಚುತ್ತದೆ.

ಅಲ್ಯುಮಿನಿಯಂಗೆ ಬೇರೆ ಎಣ್ಣೆ ಬೇಕು, ತೆಳುವಾದದ್ದು. ಸೀಮೆಎಣ್ಣೆ ಹಳೆಯ ಕಾಲದಿಂದ ಬಂದ ದಾರಿ, ಮತ್ತು ಅದು ಕೆಲಸ ಮಾಡುತ್ತದೆ. ತೆಳುವಾಗಿರುವುದರಿಂದ ಚಿಪ್‌ನ ಅಡಿಗೆ ಬೇಗ ನುಗ್ಗುತ್ತದೆ, ಅಂಟುವುದನ್ನು ತಡೆಯುತ್ತದೆ. ಆದರೆ ಕೆಲವು ಸೀಮೆಎಣ್ಣೆ 38 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮುಚ್ಚಿದ ಕೋಣೆ, ಪಕ್ಕದಲ್ಲೇ ಬೆಂಚ್ ಗ್ರೈಂಡರ್ ಇರುವ ಜಾಗದಲ್ಲಿ ನಾನು ಅದನ್ನು ಒಪ್ಪಲಿಲ್ಲ. ಬದಲಿಗೆ ಅಲ್ಯುಮಿನಿಯಂ, ಹಿತ್ತಾಳೆಗೆ ಕಲೆ ಮಾಡುವುದಿಲ್ಲ ಎಂದು ಡಬ್ಬಿ ಮೇಲೆ ಬರೆದಿರುವ ತೆಳು ಕಟಿಂಗ್ ಆಯಿಲ್ ತಂದರು. ಎಂಡ್ ಮಿಲ್‌ಗೆ (ಮಿಲ್ಲಿಂಗ್ ಮೆಷಿನ್ನಿನ ಹಲ್ಲಿರುವ ಟೂಲ್) ಮೇಣದಂಥ ಕಟಿಂಗ್ ಸ್ಟಿಕ್. ಮೆಷಿನ್ ನಿಂತಾಗ ಎಂಡ್ ಮಿಲ್ಲಿನ ಹಲ್ಲಿಗೆ ಉಜ್ಜಿದರೆ ಸಾಕು, ಹರಡುವುದಿಲ್ಲ, ಸಿಡಿಯುವುದಿಲ್ಲ.

ಮಿಲ್ಲಿಂಗ್‌ನಲ್ಲಿ ಅಲ್ಯುಮಿನಿಯಂ ಕೆಡಿಸುವುದು ಎಣ್ಣೆಯ ಕೊರತೆಗಿಂತ ತೋಡಿನಲ್ಲೇ ಉಳಿದ ಚಿಪ್ಸ್. ಎಂಡ್ ಮಿಲ್ ಅವನ್ನೇ ಮತ್ತೆ ಕತ್ತರಿಸುತ್ತದೆ, ಅವು ಬೆಸೆದು ಹಲ್ಲಿನ ಸಂದಿ ಮುಚ್ಚುತ್ತವೆ. ಕೂಲಂಟ್ ಧಾರೆ ಮಾಡುತ್ತಿದ್ದ ನಿಜವಾದ ಉಪಕಾರ ಈ ಚಿಪ್ಸ್ ತೊಳೆಯುವುದೇ ಆಗಿತ್ತು. ಆ ಜಾಗಕ್ಕೆ ಕಡಿಮೆ ಒತ್ತಡದ ಗಾಳಿ ಬಂತು. ಒತ್ತಡ ಜಾಸ್ತಿ ಮಾಡಿದರೆ ಚಿಪ್ಸ್ ಕಣ್ಣಿಗೂ ಹಾರುತ್ತವೆ, ಸ್ಲೈಡುಗಳ ಒಳಗೂ ಸೇರುತ್ತವೆ. ಕನ್ನಡಕ ಇಲ್ಲದೆ ಗಾಳಿ ಹಾಕಬಾರದು.

ಹಿತ್ತಾಳೆಯನ್ನು ಎಣ್ಣೆ ಇಲ್ಲದೆ, ಒಣಗಿಯೇ ಚೆನ್ನಾಗಿ ಕತ್ತರಿಸಬಹುದು. ಅದಕ್ಕೆ ಗಂಧಕದ ಎಣ್ಣೆ ಮುಟ್ಟಿಸಬಾರದು, ಕಪ್ಪಾಗುತ್ತದೆ. ಕಾಸ್ಟ್ ಐರನ್ ಕೂಡ ಒಣಗಿಯೇ. ಅದರೊಳಗಿನ ಗ್ರಾಫೈಟೇ ಜಾರಿಸುತ್ತದೆ. ಅದರ ಪುಡಿಗೆ ಎಣ್ಣೆ ಸೇರಿದರೆ ಬೆಡ್ಡನ್ನು ಉಜ್ಜಿ ಸವೆಸುವ ಕೆಸರಾಗುತ್ತದೆ. ಕೆಲಸಕ್ಕೆ ಮೊದಲು ಬೆಡ್ ಮುಚ್ಚಿ, ಮುಗಿದ ಕೂಡಲೇ ವ್ಯಾಕ್ಯೂಮ್‌ನಿಂದ ಎಳೆದು ಒರೆಸಬೇಕು. ಮೆಗ್ನೀಸಿಯಂ ಇವರ ಹತ್ತಿರ ಇರಲಿಲ್ಲ. ಇರುವವರು ನೀರು ಬೆರೆಸಿದ ಯಾವ ಕೂಲಂಟನ್ನೂ ಹತ್ತಿರ ತರಬಾರದು. ನೀರಿನ ಜೊತೆ ಅದು ಹೈಡ್ರೋಜನ್ ಬಿಡುತ್ತದೆ. ಅದರ ಚಿಪ್ಸ್‌ಗೆ ಬೆಂಕಿ ಹತ್ತಿದರೆ ನೀರು ಅದನ್ನು ಇನ್ನೂ ಕೆರಳಿಸುತ್ತದೆ.

ಅವರು ಕೆಲವು ಕೆಲಸಕ್ಕೆ ಕಾರ್ಬೈಡ್ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ ತುಂಬ ಗಟ್ಟಿ ತುಣುಕು) ಹಾಕುತ್ತಾರೆ. ಅದಕ್ಕೆ ನಿಯಮ ಇನ್ನೂ ಸರಳ: ಸುರಿದರೆ ನಿಲ್ಲದೆ ಸುರಿಯಬೇಕು, ಇಲ್ಲದಿದ್ದರೆ ಒಣಗಿಯೇ ಬಿಡಬೇಕು. ಕೆಂಪಗೆ ಕಾದ ಅಂಚಿಗೆ ಆಗಾಗ ತಣ್ಣನೆಯ ದ್ರವ ಬಿದ್ದರೆ ಕೂದಲೆಳೆಯಂಥ ಬಿರುಕು ಬಂದು ತುಂಡು ಹಾರುತ್ತದೆ. ಮಿಲ್ಲಿಂಗ್‌ನಲ್ಲಿ ಹಲ್ಲು ಲೋಹದೊಳಗೆ ಹೋಗಿ ಬರುತ್ತಲೇ ಇರುವುದರಿಂದ ಉಕ್ಕಿನ ಮೇಲೆ ಕಾರ್ಬೈಡ್ ಒಣಗಿರುವುದೇ ಲೇಸು.

ಬೇಡ ಎಂದು ತಳ್ಳಿದವು

ಶೆಲ್ಫಿನಲ್ಲಿ ಬಳಸಿದ ಎಂಜಿನ್ ಆಯಿಲ್ ಒಂದು ಕ್ಯಾನ್ ಇತ್ತು. ಪುಕ್ಕಟೆ ಸಿಗುತ್ತದೆ ಎಂದು ಡ್ರಿಲ್ಲಿಂಗ್‌ಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು ಸೇರಿರುತ್ತವೆ. ಅವುಗಳಲ್ಲಿ ಕೆಲವು ಚರ್ಮದ ಕ್ಯಾನ್ಸರ್ ತರುವಂಥವು. ಅದನ್ನು ಬಿಸಿ ಮಾಡಿ ಹೊಗೆ ಕುಡಿಯುವುದು, ಕೈಗೆ ಹಚ್ಚಿಕೊಳ್ಳುವುದು ಯಾವ ಉಳಿತಾಯಕ್ಕೂ ಸರಿಹೋಗುವುದಿಲ್ಲ.

ಯಾರದೋ ಹಳೆಯ ವರ್ಕ್‌ಶಾಪಿನಿಂದ ಬಂದ, ಲೇಬಲ್ ಅಳಿಸಿದ ಟ್ಯಾಪಿಂಗ್ ದ್ರವದ ಡಬ್ಬಿಯೂ ಇತ್ತು. ಹಿಂದಿನ ಕಾಲದ ಕೆಲವು ಟ್ಯಾಪಿಂಗ್ ದ್ರವಗಳಲ್ಲಿ ಟ್ರೈಕ್ಲೋರೋಈಥೇನ್ ಇರುತ್ತಿತ್ತು. ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸಿದವರೂ ಇದ್ದರು. ಕೆಲಸಕ್ಕೆ ತುಂಬ ಚೆನ್ನಾಗಿದ್ದವು, ದೇಹಕ್ಕೆ ವಿಷ. ಓಜೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದದ ಕೆಳಗೆ ಎರಡೂ ನಿಂತವು. ಗುರುತಿಲ್ಲದ ಹಳೆಯ ಡಬ್ಬಿ ಎಷ್ಟೇ ಹೊಗಳಿಕೆ ಹೊತ್ತು ಬಂದರೂ ತೆರೆಯಬಾರದು. ಅದನ್ನು ಅಪಾಯಕಾರಿ ತ್ಯಾಜ್ಯದ ಜೊತೆ ಕಳಿಸಿದರು.

ಅವರಿಗೆ ಮನಸ್ಸಿದ್ದದ್ದು ಗಾಳಿಯ ಜೊತೆ ಮಂಜಿನಂತೆ ಕೂಲಂಟ್ ಸಿಂಪಡಿಸುವ ಮಿಸ್ಟ್ ಸಾಧನದ ಮೇಲೆ. ಟ್ಯಾಂಕ್ ಚಿಕ್ಕದು, ಮೆಷಿನ್ ಒದ್ದೆಯಾಗದು. ನಾನು ವಿರೋಧಿಸಿದ್ದು ಶ್ವಾಸಕೋಶದ ಕಾರಣಕ್ಕೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1998ರಲ್ಲಿ ಇಂಥ ಮಂಜಿಗೆ ಶಿಫಾರಸು ಮಾಡಿದ ಮಿತಿ ಒಂದು ಘನ ಮೀಟರ್ ಗಾಳಿಗೆ 0.5 ಮಿಲಿಗ್ರಾಂ. ಇದು ಇಡೀ ಪಾಳಿಯ ಸರಾಸರಿ. ಈಗ 3 ಮೀಟರ್ ಅಗಲ, 4 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಕೋಣೆ ತೆಗೆದುಕೊಳ್ಳಿ. ಒಟ್ಟು 30 ಘನ ಮೀಟರ್. ಮಿತಿಯ ಪ್ರಕಾರ ಅದರ ಗಾಳಿಯಲ್ಲಿ ತೇಲಬಹುದಾದದ್ದು 15 ಮಿಲಿಗ್ರಾಂ. ಎಣ್ಣೆಯ ಒಂದು ಹನಿಯೇ 30 ಮಿಲಿಗ್ರಾಂಗಿಂತ ಜಾಸ್ತಿ ತೂಗುತ್ತದೆ. ಅರ್ಧ ಹನಿ ಮಂಜಾಗಿ ತೇಲಿದರೆ ಕೋಣೆ ಮಿತಿಗೆ ಬಂತು. ಹೊರಗೆ ಎಳೆಯುವ ಫ್ಯಾನ್ ಇಲ್ಲದ ಜಾಗದಲ್ಲಿ ಮಿಸ್ಟ್ ಸಾಧನ ಹಾಕುವುದು ನನಗೆ ಯಾವ ರೀತಿಯಲ್ಲೂ ಸರಿ ಕಾಣಲಿಲ್ಲ. ಅವರೂ ಲೆಕ್ಕ ನೋಡಿ ಕೈಬಿಟ್ಟರು.

ಮೆಷಿನ್ ಶುಚಿ, ಮತ್ತು ಆಮೇಲೆ

ಟ್ಯಾಂಕ್ ಖಾಲಿ ಮಾಡುವ ಮೊದಲು ಕೂಲಂಟ್ ವ್ಯವಸ್ಥೆ ತೊಳೆಯುವ ಕ್ಲೀನರ್ ಹಾಕಿ ಪಂಪ್ ಓಡಿಸಿದರು. ಪೈಪಿನ ಒಳಗೋಡೆಯ ಲೋಳೆ ಹೋಗದಿದ್ದರೆ ಮುಂದೆ ಯಾವತ್ತು ದ್ರಾವಣ ತುಂಬಿದರೂ ಮತ್ತೆ ಕೊಳೆಯುತ್ತದೆ. ಕೊಳೆತ ದ್ರಾವಣವನ್ನು ಚರಂಡಿಗೆ ಬಿಡಲಿಲ್ಲ. ಎಣ್ಣೆ, ಕರಗಿದ ಲೋಹ, ಬ್ಯಾಕ್ಟೀರಿಯಾ ಎಲ್ಲ ಅದರಲ್ಲಿದೆ. ಡ್ರಮ್ಮಿನಲ್ಲಿ ತುಂಬಿ ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಕೊಟ್ಟರು.

ಕ್ಯಾರೇಜ್, ಕ್ರಾಸ್ ಸ್ಲೈಡ್, ಚಕ್ ಬಿಚ್ಚಿ ಒರೆಸಿದಾಗ ಇನ್ನೊಂದು ವಿಷಯ ತಿಳಿಯಿತು. ಸ್ಲೈಡಿನ ಅಡಿಯಲ್ಲಿ ವೇ ಆಯಿಲ್ ಇರಲೇ ಇಲ್ಲ. ಸೊಲ್ಯೂಬಲ್ ಆಯಿಲ್ಲಿನಲ್ಲಿ ಎಣ್ಣೆಯನ್ನು ನೀರಿಗೆ ಬೆರೆಸುವ ಸೋಪಿನಂಥ ಪದಾರ್ಥ ಇರುತ್ತದೆ. ಅದು ಕೂಲಂಟಿನ ಎಣ್ಣೆ, ಸ್ಲೈಡಿನ ಎಣ್ಣೆ ಎಂದು ಬೇಧ ಮಾಡುವುದಿಲ್ಲ, ಎರಡನ್ನೂ ಎತ್ತಿಕೊಂಡು ಹೋಗುತ್ತದೆ. ದೊಡ್ಡ ಮೆಷಿನ್‌ಗಳಲ್ಲಿ ಎಣ್ಣೆ ತಾನಾಗಿ ಸ್ಲೈಡಿಗೆ ಬರುತ್ತಿರುತ್ತದೆ. ಬೆಂಚ್ ಲೇತ್‌ನಲ್ಲಿ ಕೈಯಿಂದ ಹಾಕಿದರಷ್ಟೇ ಇದೆ. ಎಲ್ಲ ಒರೆಸಿ ವಿಜಿ 68 (ಎಣ್ಣೆಯ ಮಂದತೆಯ ದರ್ಜೆ) ವೇ ಆಯಿಲ್ ಹಚ್ಚಿದ ಮೇಲೆ ಕ್ಯಾರೇಜ್ ಹಗುರವಾಗಿ ಓಡಿತು.

ಈಗ ಅವರ ಬೆಂಚಿನ ಮೇಲೆ ಎರಡು ಎಣ್ಣೆ, ಒಂದು ಮೇಣದ ಸ್ಟಿಕ್, ಎರಡು ಬೇರೆ ಬೇರೆ ಬ್ರಶ್ ಇವೆ. ಬ್ರಶ್ ಬೇರೆ ಇಟ್ಟದ್ದು ಗಂಧಕ ಹಿತ್ತಾಳೆಗೆ ತಾಗದಿರಲಿ ಎಂದು. ಅಲ್ಯುಮಿನಿಯಂ ಮೇಲ್ಮೈ ನಯವಾಗಿದೆ. ಸ್ಟೇನ್‌ಲೆಸ್‌ನಲ್ಲಿ ಟ್ಯಾಪ್ ಸಲೀಸಾಗಿ ಇಳಿಯುತ್ತಿದೆ. ಹೊಸ ತುಕ್ಕು ಬಂದಿಲ್ಲ. ಕೈ ತುರಿಕೆ ಹೋಗಿದೆ, ಆ ತುರಿಕೆಗೆ ಕ್ಷಾರದ ದ್ರಾವಣ ಚರ್ಮದ ಜಿಡ್ಡು ತೆಗೆಯುತ್ತಿದ್ದದ್ದೇ ಕಾರಣ ಇರಬಹುದು. ಎಣ್ಣೆಯೂ ಚರ್ಮಕ್ಕೆ ಪೂರ್ತಿ ನಿರುಪದ್ರವಿ ಅಲ್ಲ, ಹೊತ್ತುಗಟ್ಟಲೆ ತಾಗಿದರೆ ರೋಮದ ಬುಡದಲ್ಲಿ ಗುಳ್ಳೆ ಏಳುತ್ತದೆ. ಕೆಲಸಕ್ಕೆ ಮೊದಲು ಬ್ಯಾರಿಯರ್ ಕ್ರೀಮ್, ಮುಗಿದ ಮೇಲೆ ಸೋಪು. ಲೇತ್ ತಿರುಗುವಾಗ ಕೈಗವಸು ಹಾಕುವುದು ಮಾತ್ರ ಬೇಡ, ಸಿಕ್ಕಿಕೊಂಡರೆ ಕೈಯೇ ಹೋಗುತ್ತದೆ. ಎಣ್ಣೆ ಬಟ್ಟೆಗಳಿಗೆ ಮುಚ್ಚಳ ಇರುವ ಲೋಹದ ಡಬ್ಬಿ ಇಟ್ಟಿದ್ದಾರೆ. ರಾಶಿ ಹಾಕಿದ ಜಿಡ್ಡು ಬಟ್ಟೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಸಸ್ಯಜನ್ಯ ಎಣ್ಣೆಯಲ್ಲಿ ಈ ಅಪಾಯ ಜಾಸ್ತಿ.

ಕೂಲಂಟ್ ಬಿಟ್ಟದ್ದಕ್ಕೆ ಒಂದು ಬೆಲೆ ಇದೆ. ಅದು ಅಳತೆ. 50 ಮಿ.ಮೀ. ಅಲ್ಯುಮಿನಿಯಂ ತುಂಡು ಕೋಣೆಗಿಂತ 40 ಡಿಗ್ರಿ ಜಾಸ್ತಿ ಕಾದರೆ ಅದರ ವ್ಯಾಸ 0.046 ಮಿ.ಮೀ. ಹಿಗ್ಗುತ್ತದೆ. ಬಿಸಿಯಲ್ಲಿ ಮೈಕ್ರೋಮೀಟರ್ ಹಿಡಿದು ಸರಿ ಇದೆ ಎಂದು ನಿಲ್ಲಿಸಿದರೆ, ತಣ್ಣಗಾದ ಮೇಲೆ ಬೇರಿಂಗ್ ಸಡಿಲ. ಉಕ್ಕಿನಲ್ಲಿ ಇದರ ಅರ್ಧ. ಕೂಲಂಟ್ ಧಾರೆ ಇದ್ದಾಗ ಈ ಯೋಚನೆ ಇರಲಿಲ್ಲ. ಈಗ ಕೊನೆಯ ಕಟ್‌ಗೆ ಮೊದಲು ಮೆಷಿನ್ ನಿಲ್ಲಿಸಿ ತುಂಡು ತಣ್ಣಗಾಗುವವರೆಗೆ ಕಾಯಬೇಕು, ಆಮೇಲೆ ಅಳೆಯಬೇಕು. ಅವಸರವಿದ್ದಾಗ ಇದು ಬೇಸರದ ಕೆಲಸವೇ, ಬೇರೆ ದಾರಿ ಇಲ್ಲ.

ಖಾಲಿ ಟ್ಯಾಂಕ್ ಮತ್ತು ಪಂಪನ್ನು ಅವರು ಮಾರಲಿಲ್ಲ. ಮುಂದೆ ಸರ್ಫೇಸ್ ಗ್ರೈಂಡರ್ (ಲೋಹದ ಮೇಲ್ಮೈಯನ್ನು ಕಲ್ಲಿನಿಂದ ಉಜ್ಜಿ ಸಪಾಟು ಮಾಡುವ ಮೆಷಿನ್) ತರುವ ಯೋಚನೆ ಇದೆ. ಅಲ್ಲಿ ಲೆಕ್ಕ ತಿರುವು ಮುರುವು. ಗ್ರೈಂಡಿಂಗ್‌ನಲ್ಲಿ ಅದೇ ಒಂದು ಘನ ಮಿ.ಮೀ. ತೆಗೆಯಲು ಟರ್ನಿಂಗ್‌ಗಿಂತ ಹತ್ತಾರು ಪಟ್ಟು ಶಕ್ತಿ ಬೇಕು, ಶಾಖದ ಬಹುಪಾಲು ಕೆಲಸದ ತುಂಡಿನೊಳಗೇ ಇಳಿಯುತ್ತದೆ. ನಿಧಾನ ಮಾಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಲ್ಲಿ ನೀರಿನ ಕೂಲಂಟೇ ಬೇಕು. ಆಗ ಟ್ಯಾಂಕಿಗೆ 20 ಲೀಟರ್ ಬದಲು 5 ಲೀಟರಷ್ಟೇ ತುಂಬಿ, ಲವಣ ತೆಗೆದ ನೀರಿಗೆ ಎಣ್ಣೆ ಸುರಿದು ಬೆರೆಸಿ, ಎಣ್ಣೆಗೆ ನೀರು ಸುರಿಯದೆ, ಕೆಲಸ ಮುಗಿದ ವಾರದಲ್ಲೇ ಖಾಲಿ ಮಾಡಿ ಒಣಗಿಸಿಡುವುದು ಎಂದು ಈಗಲೇ ಮಾತಾಗಿದೆ.